ಬಲಗಣ್ಣು

ದೇಚವ್ವ ಮಾವಿಯ ಜೀಪಿಗೆ ಸ್ಟೇರಿಂಗು ಎಡಕ್ಕೆ.
ಯಾವುದೋ ಯುದ್ಧ ಮುಗಿದ ಮೇಲೆ ಯಾರೋ ಹರಾಜಿನಲ್ಲಿ ಹಿಡಿದದ್ದು,
ಕೈಯಿಂದ ಕೈಗೆ ಉರುಳಿ ಅಮ್ಮತ್ತಿಗೆ ಬಂದದ್ದು.
ಬಲಗಡೆಯ ಸೀಟು ನನ್ನದು. ವಯಸ್ಸು ಹತ್ತು.
ಕೆಲಸ ಒಂದೇ, ನೋಡುವುದು.

ಎಡಕ್ಕೆ ಕೂತವಳಿಗೆ ಚರಂಡಿ ಕಾಣುತ್ತದೆ,
ಚರಂಡಿಯಾಚೆ ಕೊಲ್ಲಿ, ಕೊಲ್ಲಿಯೊಳಗೆ ಮಂಜು,
ಲೈನುಮನೆಯ ಬೇಲಿಗೆ ಯಾರೋ ಹರವಿದ ಸೀರೆ,
ಅದರ ಅಂಚಿನ ಬಣ್ಣ ಕೂಡ.
ಕಾಣದ್ದು ಒಂದೇ:
ಮುಂದೆ ತೆವಳುವ ಮರದ ಲಾರಿಯ ಆಚೆಗೆ
ಏನು ಬರುತ್ತಿದೆ ಎಂಬುದು.

ನಾನು ಕತ್ತು ಚಾಚಿ ಹೇಳಬೇಕು. "ಇದೆ." "ಇಲ್ಲ."
ಬಸ್ಸಾದರೆ "ಬಸ್ಸು".
ಆನೆಯಾದರೆ ಉಸಿರೆತ್ತದೆ
ಗೇರಿನ ಮೇಲಿದ್ದ ಅವಳ ಕೈ ಒತ್ತಬೇಕು.

ತಿತಿಮತಿಯ ಗೇಟಿನಲ್ಲಿ ಹೊಸ ಪೊಲೀಸು
ರೂಢಿಯಂತೆ ಬಲಕ್ಕೇ ಬಂದು, ಬಗ್ಗಿ,
ಲೈಸೆನ್ಸ್ ಅಂದ.
ಗಾಬರಿಯಲ್ಲಿ ನಾನು ಕಂಪಾಸು ಡಬ್ಬಿ ತೆರೆದೆ.
"ಅವಳದ್ದು ಇನ್ನೂ ಬಂದಿಲ್ಲ,
ನನ್ನದಾದೀತಾ?" ಎಂದಳು ಮಾವಿ, ಆ ಕಡೆಯಿಂದ.

ತಪ್ಪಿದ್ದು ಒಮ್ಮೆ.
ಪಾಲಿಬೆಟ್ಟದ ತಿರುವಿನಲ್ಲಿ "ಇಲ್ಲ" ಅಂದೆ.
ಇತ್ತು. ಹಾಲಿನ ವ್ಯಾನು.
ಜೀಪು ದರೆ ಹತ್ತಿ, ಎರಡು ಕಾಫಿಗಿಡ ಮುರಿದು,
ಓರೆಯಾಗಿ ನಿಂತಿತು.
ಎಂಜಿನ್ನು ಆರಿಸಿದಳು. ಕೆನ್ನೆ ಸಿದ್ಧ ಮಾಡಿಕೊಂಡೆ.
"ಏನು ನೋಡ್ತಿದ್ದೆ?"
"ಕೆಂದಳಿಲು."
"ಎಲ್ಲಿ?"
ತೋರಿಸಿದೆ. ಅದು ಹಲಸಿನ ಮರದಲ್ಲೇ ಇತ್ತು,
ಬಾಲ ಇಳಿಬಿಟ್ಟುಕೊಂಡು, ನಮ್ಮನ್ನೇ ನೋಡುತ್ತಾ.
ಇಬ್ಬರೂ ನೋಡಿದೆವು.
"ಆಯ್ತು. ಇನ್ನು ರಸ್ತೆ."

ಗೋಣಿಕೊಪ್ಪದ ಮೆಕಾನಿಕ್ ಸುಬೈರ್
ಸ್ಟೇರಿಂಗು ಬಲಕ್ಕೆ ಕೂರಿಸಿಕೊಡುತ್ತೇನೆ ಎಂದಿದ್ದ,
ಎಲ್ಲರೂ ಮಾಡಿಸುತ್ತಾರೆ, ವಾರದ ಕೆಲಸ.
ಮಾವಿ ರೇಟು ಕೇಳಿದಳು, ಚೌಕಾಸಿ ಮಾಡಿದಳು,
ಅಡ್ವಾನ್ಸಿಗೆಂದು ಪರ್ಸು ತೆರೆದವಳು ನನ್ನ ಕಡೆ ತಿರುಗಿ
"ಹಾಗಾದರೆ ಇವಳು ಎಲ್ಲಿ ಕೂರೋದು?" ಎಂದಳು.
ಬರೀ ಆಯಿಲು ಬದಲಿಸಿ ಬಂದೆವು.

ಈಗ ಕಾರು ನನ್ನದು. ಎಲ್ಲರ ಹಾಗೆ ಬಲಕ್ಕೆ ಕೂರುತ್ತೇನೆ.
ಮಾವಿ ಎಡಕ್ಕೆ, ತನ್ನ ಹಳೆಯ ಜಾಗದಲ್ಲೇ,
ಮುಂದೆ ಚಕ್ರವಿಲ್ಲ, ಅಷ್ಟೆ.
ತಿರುವು ಬಂದಾಗಲೆಲ್ಲ
ಅವಳ ಕಾಲು ಇಲ್ಲದ ಬ್ರೇಕು ತುಳಿಯುತ್ತದೆ.
ಲಾರಿಯ ಹಿಂದೆ ಸಿಕ್ಕಿಕೊಂಡರೆ
ಚರಂಡಿಯಿಂದ ಕಣ್ಣು ತೆಗೆಯದೆ ಕೇಳುತ್ತಾಳೆ, "ಇದೆಯಾ?"

ಕಾಣುವುದು ನನಗೇ, ಓಡಿಸುವುದೂ ನಾನೇ,
ಹೇಳಬೇಕಾದ್ದೇನೂ ಇಲ್ಲ.
"ಇದೆ ಮಾವಿ," ಎನ್ನುತ್ತೇನೆ ಗಟ್ಟಿಯಾಗಿ,
"ಹಾಲಿನ ವ್ಯಾನು."