ಗ್ಯಾಸ್ ಅಲ್ಲ

ಮೂರನೇ ಮಹಡಿಯ ತಾರಸಿ, ಮಂಡ್ಯದ ಹನ್ನೊಂದೂವರೆ ಬಿಸಿಲು.
ಕೆಳಗೆ ಮದುವೆ ಜವಳಿಯ ಅಂಗಡಿ, ಬೆವರುವ ಬೀಗರು,
ಸೀರೆ ಬಿಡಿಸುವ ಹುಡುಗಿಯರ ಕೈಯಲ್ಲಿ ರಟ್ಟಿನ ಬೀಸಣಿಗೆ.
"ಗ್ಯಾಸ್ ಇಲ್ಲ ಕನಪ್ಪ, ತುಂಬ್ಬುಡಿ" ಎಂದರು ಸಾಹುಕಾರರು
ಮೆಟ್ಟಿಲ ಬುಡದಿಂದಲೇ.

ಇಲಿಯಾಸಣ್ಣ ಏನೂ ಅನ್ನಲಿಲ್ಲ.
ಮೊದಲು ಕಿವಿ ಕೊಟ್ಟ.
ಶುರುವಾಯಿತು, ಗುರುಗುಟ್ಟಿತು, ನಾಲ್ಕು ನಿಮಿಷಕ್ಕೆ
ಕಟಕ್ಕನೆ ನಿಂತಿತು,
ಏರಿನಲ್ಲಿ ಕಬ್ಬಿನ ಗಾಡಿ ಬಿಟ್ಟು ಮಲಗಿದ ಎತ್ತಿನ ಹಾಗೆ.

ಗೇಜು ಕಟ್ಟಿದೆ. ಕೆಂಪು ಗೇಜಿನ ಮುಳ್ಳು
ಏರಿತು, ಏರಿತು, ಇಳಿಯಲೇ ಇಲ್ಲ.
"ಹಸಿದವನ ನಾಡಿ ಹಿಂಗೆ ಹೊಡೀತದೇನ್ಲಾ?
ಇದು ಉಂಡು ಉಸಿರುಗಟ್ಟಿರೋದು."

ಬದಿಯ ತಗಡು ಬಿಚ್ಚಿದರೆ
ಕಾಯಿಲಿನ ಸಂದಿಸಂದಿಗೂ ಕಪ್ಪು ಬೂದಿ:
ಕಬ್ಬಿನ ಸಿಪ್ಪೆ ಸುಟ್ಟು ಕಾರ್ಖಾನೆ ಊದಿದ್ದು,
ಒಣಹಾಕಿದ ಬಟ್ಟೆಯಿಂದ ಅವ್ವ ಬೈಯುತ್ತ ಕೊಡವುವುದೇ.
ಅದರಡಿ ಹೋದ ವರ್ಷದ್ದು.
ಅದರಡಿ, ಹಿಂದೆ ಬಂದ ಮೆಕ್ಯಾನಿಕ್ಕಿಗೆ
ಕಾಣದೇ ಹೋದದ್ದು.

ಒಳಗಿನಿಂದ ಹೊರಕ್ಕೆ ನೀರು ಬಿಟ್ಟೆ, ಮೆಲ್ಲಗೆ;
ಜೋರಾದರೆ ರೆಕ್ಕೆಗಳು ಮಡಚುತ್ತವೆ.
ಬಾಗಿದ್ದವನ್ನು ಬಾಚಣಿಗೆ ಹಿಡಿದು ನೆಟ್ಟಗೆ ಮಾಡಿದೆ,
ತಂಗಿಯ ತಲೆಯ ಹೇನು ಹೆಕ್ಕುವಷ್ಟು ನಿಧಾನ.
ತಾರಸಿಯೆಲ್ಲ ಮಸಿನೀರು.
ಯಾರೋ ಮೂರು ಸಲ ತುರುಕಿದ್ದ ಗ್ಯಾಸನ್ನು
ಇಲಿಯಾಸಣ್ಣ ಸಿಲಿಂಡರಿಗೆ ವಾಪಸು ಇಳಿಸಿಕೊಂಡ.
ಮುಳ್ಳು ಇಳಿಯಿತು. ನಿಂತಿತು, ನಿಲ್ಲಬೇಕಾದಲ್ಲಿ.

ಬಿಲ್ಲಿನಲ್ಲಿ "ತೊಳೆದಿದ್ದು" ಅಂತ ಬರೆದೆ.
"ತೊಳೆಯೋಕೆ ಇಷ್ಟು ದುಡ್ಡಾ?"
ಅಂಗಡಿ ತಣ್ಣಗಿತ್ತು. ಒಬ್ಬಾಕೆ
ಸೆರಗು ಎಳೆದು ಹೊದ್ದುಕೊಂಡಳು.
ಇಲಿಯಾಸಣ್ಣ ನಕ್ಕ;
ಅವನ ಹಲ್ಲಿನ ಮೇಲೂ ಬೂದಿ.