ನಲವತ್ತೊಂದನೆಯ ಬಲೆ

ಮಂಗಳವಾರ ಗಂಡುಗಳು ಬರುತ್ತವೆ,
ತಂಪುಪೆಟ್ಟಿಗೆಯೊಳಗಿನ ಕಾಗದದ ಚೀಲಗಳಲ್ಲಿ,
ಮೈಗೆಲ್ಲ ಗುಲಾಬಿ ಪುಡಿ ಬಳಿದುಕೊಂಡು
ದಿಬ್ಬಣಕ್ಕೆ ಹೊರಟವರ ಹಾಗೆ.
ಎಲ್ಲೋ ದೂರದ ಪ್ರಯೋಗಾಲಯದಲ್ಲಿ
ಕೋಶದೊಳಗೆ ಮಲಗಿದ್ದಾಗಲೇ ಕಿರಣ ಹಾಯಿಸಿ
ಬೀಜ ಕೊಂದಿದ್ದಾರೆ.
ಆಸೆಯನ್ನು ಮುಟ್ಟಿಲ್ಲ.

ನೆರೆತ್ವಾ ನದಿ ಕಡಲು ಸೇರುವ ಮುನ್ನ
ಕಾಲುವೆ ಕಾಲುವೆಯಾಗಿ ಹಂಚಿಹೋಗುವ ಬಯಲು ನಮ್ಮದು.
ತೋಟಕ್ಕೆ ದಾರಿ ಎಂದರೆ ನೀರು.
ನಿಕ್ಷಾ ದೋಣಿಯ ಮೋಟಾರು ನಿಲ್ಲಿಸುತ್ತಾನೆ,
ನಾನು ಚೀಲದ ಬಾಯಿ ಹರಿಯುತ್ತೇನೆ.
ಒಂದು ಗಳಿಗೆ ತೋಳ ತುಂಬ ನೊಣ,
ಆಮೇಲೆ ಬರೀ ಎಲೆ.

ಶುಕ್ರವಾರ ಲೆಕ್ಕ.
ಬಲೆಯ ಅಂಟುಹಾಳೆ ಬಿಡಿಸಿ
ನೇರಳೆ ದೀಪದಡಿ ಹಿಡಿದರೆ
ಹೊಳೆದದ್ದು ನಮ್ಮದು,
ಹೊಳೆಯದ್ದು ಕಾಡಿನದು.
ಸೆಪ್ಟೆಂಬರಿನ ಎರಡನೇ ವಾರ
ನಲವತ್ತೊಂದರಲ್ಲಿ ಹೊಳೆಯದವು ಒಂಬತ್ತು.

ನಲವತ್ತೊಂದು ಎಂದರೆ ಶಿಮೂನ್.
ಊರಿಗೆಲ್ಲ ಬಾರ್ಬಾ, ಚಿಕ್ಕಪ್ಪ;
ಮದುವೆಯಾದವನಲ್ಲ, ಒಡಹುಟ್ಟಿದವರಿಲ್ಲ.
ದೋಣಿ ಕಟ್ಟುವ ಮೊದಲೇ ಕೂಗಿದ:
"ಸರ್ಕಾರದ ನೊಣ ನನಗೆ ಬೇಡ, ದಿಂಕಾ!
ನನ್ನ ಕಿತ್ತಳೆ ನೋಡು, ಊರಿಗಿಂತ ಮೊದಲು ಬಣ್ಣ ಬಂದಿದೆ."

ಬಂದಿತ್ತು. ಅದೇ ದೂರು.
ಹಸಿರು ಸಿಪ್ಪೆಯ ನಡುವೆ ಕಾಸಿನಗಲ ಹಳದಿ,
ಹಳದಿಯ ನಡುವೆ ಸೂಜಿಮೊನೆಯಷ್ಟು ತೂತು.
ಹೆಬ್ಬೆರಳಲ್ಲಿ ಒತ್ತಿ ಸೀಳಿದೆ.
ಮೇಲೆ ತಳುಕು, ಒಳಗೆ ಹುಳುಕು
ಎಂಬ ಮಾತಿಗೆ ಕಾಲು ಬಂದು
ತೊಳೆಗಳ ಮೇಲೆ ಹರಿದಾಡುತ್ತಿತ್ತು.

ತಪ್ಪು, ಅವಕ್ಕೆ ಕಾಲಿಲ್ಲ.
ಬಾಗಿ, ಬಾಲ ಕಚ್ಚಿ, ಬಿಲ್ಲಾಗಿ ಎಗರುತ್ತವೆ.
ಒಂದು ಅವನ ಅಂಗಿಯ ಗುಂಡಿಗೇ ಬಂದು ಬಿತ್ತು.
ಶಿಮೂನ್ ಅದನ್ನು ಬಹಳ ಹೊತ್ತು ನೋಡಿದ.
"ನಲವತ್ತು ವರ್ಷದಿಂದ ತಿಂದಿದ್ದೇನೆ," ಎಂದ,
"ಕತ್ತಲಲ್ಲಿ."

ಕೊಟ್ಟಿಗೆಯ ಹಿಂದೆ ಅಂಜೂರದ ಮರ.
ಕೆಳಗೆ ಆಗಸ್ಟಿನಿಂದ ಬಿದ್ದ ಹಣ್ಣು
ಜಾಮಿನಂತೆ ಮಣ್ಣಿಗೆ ಮೆತ್ತಿಕೊಂಡಿದೆ.
ಇಲ್ಲಿ ಹುಟ್ಟಿ, ಅಲ್ಲಿ ಮೇಯುತ್ತಿವೆ.
ಕಡಿ ಎನ್ನಲು ಬಾಯಿ ತೆರೆದೆ, ಆಗಲಿಲ್ಲ;
ಅವನಾಗಲೇ ಸಲಿಕೆ ತಂದಿದ್ದ.

ಸಂಜೆಯವರೆಗೆ ಬಗ್ಗಿದ ಬೆನ್ನು ಎತ್ತಲಿಲ್ಲ, ಮೂವರೂ.
ಬಿದ್ದದ್ದು, ಬೀಳಲಿದ್ದದ್ದು, ಬಣ್ಣ ಬಂದದ್ದು
ಎಲ್ಲವನ್ನೂ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ
ಕತ್ತು ಬಿಗಿದು ತಗಡಿನ ಮೇಲೆ ಇಟ್ಟೆವು.
ಹತ್ತು ದಿನ ಬಿಸಿಲು ಕುಡಿಯಲಿ, ಬಿಚ್ಚಬೇಡ, ಎಂದೆ.
ಮರುದಿನ ಫೋನು ಮಾಡಿದ:
"ಒಳಗೆ ಟಪಟಪ ಅನ್ನುತ್ತಿದೆ, ದಿಂಕಾ.
ಮಳೆ ಬಂತೆಂದು ಬಟ್ಟೆ ತೆಗೆಯಲು ಹೋಗಿದ್ದೆ."
ನಾಲ್ಕನೆಯ ದಿನ ಮಾಡಲಿಲ್ಲ.

ಅಕ್ಟೋಬರಿನ ಶುಕ್ರವಾರ. ನಲವತ್ತೊಂದರಲ್ಲಿ
ಗುಲಾಬಿಯವು ಮೂವತ್ತೆರಡು. ಕಾಡಿನದು ಸೊನ್ನೆ.
ದೀಪದಡಿ ಅವನೂ ಮೂಗು ತೂರಿಸಿದ್ದ;
ಪುಡಿ ಮೀಸೆಗೆ ಹತ್ತಿ ಮೀಸೆಯೂ ಹೊಳೆಯಿತು.
ನಿಕ್ಷಾ ನಕ್ಕ. ಅವನು ನಗಲಿಲ್ಲ.

"ಇವಕ್ಕೆ ಗೊತ್ತಿರುತ್ತದೆಯೇ?"

ಏನು, ಎಂದು ನಾನು ಕೇಳಲಿಲ್ಲ.
ಪುಸ್ತಕದಲ್ಲಿ ಆ ಕಲಮು ಇಲ್ಲ.
ಸೊನ್ನೆಯನ್ನು ದುಂಡಗೆ ಬರೆದು
ಹೊಸ ಅಂಟುಹಾಳೆ ಮಡಿಸತೊಡಗಿದೆ.
ಅವನು ಮರಕ್ಕೆ ಏಣಿ ಹಾಕಿ ಹಿಡಿದುಕೊಂಡ,
ನಾನು ಕೇಳುವ ಮೊದಲೇ.