ಗಿಳಿ ಬರದೋರು

ಗಂಗಾವತಿಯ ಮೂವತ್ತೊಂದು ರೈಸ್ ಮಿಲ್ಲುಗಳ
ಗೇಟಿನ ಬಣ್ಣ ನನಗೆ ಬಾಯಿಪಾಠ.
ಇಪ್ಪತ್ತರಲ್ಲಿ ನಾಯಿಗಳ ಪರಿಚಯವೂ ಇದೆ.

ಬಗಲಲ್ಲಿ ಫೈಲು. ಫೈಲಿನಲ್ಲಿ
ಯಾರೂ ಕೇಳದೆ ಬರೆದ ಚಿತ್ರಗಳು:
ಕಾಲುವೆ ದಂಡೆಯ ಕೊಕ್ಕರೆ, ಪಂಚರ್ ಅಂಗಡಿಯವ,
ಪೇರಲ ಬುಟ್ಟಿ ಮುಂದೆ ತೂಕಡಿಸುವ ಚಿಕ್ಕಮ್ಮ.
ನೋಡಿ ಹೇಳುತ್ತಾರೆ, "ಚಂದ ಅದಾವ."
ಚಂದ ಎಂಬ ಮಾತಿಗೆ ಈ ಊರಲ್ಲಿ
ಒಂದು ಕಪ್ ಚಹಾದ ಬೆಲೆ.
ಅದನ್ನು ಅವರೇ ಕುಡಿಸಿಬಿಡುತ್ತಾರೆ,
ಲೆಕ್ಕ ಚುಕ್ತಾ.

"ಎಷ್ಟೊತ್ತು ಬೇಕವ್ವಾ ಒಂದು ಚಿತ್ರಕ್ಕ?"
ಮೊದಮೊದಲು ನಿಜ ಹೇಳುತ್ತಿದ್ದೆ: ಒಂದು ತಾಸು.
"ತಾಸಿಗೆ ಮೂರು ಸಾವಿರ? ನಮ್ಮ ಲಾರಿನೂ ಅಷ್ಟು ದುಡಿಯಂಗಿಲ್ಲ."
ಈಗ ನಾಲ್ಕು ದಿನ ಅನ್ನುತ್ತೇನೆ.
ಉಳಿದದ್ದು ಸುಳ್ಳೇನಲ್ಲ,
ಗೇಟುಗಳ ಮುಂದೆ ನಿಂತದ್ದು.

ಸುಬ್ಬರಾಜು ಅವರಿಗೆ ಗಿಳಿ ಬೇಕಿತ್ತು.
ಸೋನಾ ಮಸೂರಿ, ಇಪ್ಪತ್ತೈದು ಕೆಜಿ, ಹಳದಿ ಚೀಲ.
"ಬಾಜೂ ಮಿಲ್ಲಿನ ಗಿಳಿ ಒಂದು ತೆನಿ ಕಚ್ಚೇತಿ,
ನಮ್ಮದು ಎರಡು ಕಚ್ಚಲಿ."
ಕೊಕ್ಕು ಒಂದೇ. ಏಳು ಸಲ ತಿದ್ದಿದೆ.
ಮೊದಲು ಗಿಳಿಗೆ ನೆಗಡಿಯಾದಂತೆ ಕಂಡಿತು,
ಆಮೇಲೆ ಮೀಸೆ ಬಂದಂತೆ.
ಕಡೆಗೆ ಒಂದು ತೆನೆ ಕಾಲಲ್ಲಿ ಹಿಡಿಸಿದೆ.
"ಹಾಂ, ಈಗ ನಮ್ಮ ಗಿಳಿ."
ಅರ್ಧ ದುಡ್ಡು. ಉಳಿದರ್ಧಕ್ಕೆ
ಅದೇ ಗಿಳಿಯ ಎರಡು ಚೀಲ ಅಕ್ಕಿ.
ಮೊರದ ಮುಂದೆ ಕೂತು ಅವ್ವ ಕೇಳಿದಳು,
"ನಿನ್ನ ಪಗಾರದಾಗ ಇಷ್ಟು ನುಚ್ಚು ಯಾಕ?"

ಒಂದು ಸಂಗತಿ ರಾಜು ಅವರಿಗೆ ಹೇಳಿಲ್ಲ.
ಬಲರೆಕ್ಕೆಯ ಗರಿಗೆರೆಗಳ ನಡುವೆ
ಸಣ್ಣಗೆ ಹತ್ತು ಅಂಕಿ,
ನನ್ನ ಫೋನ್ ನಂಬರು.
ಹೆಸರು ಹಾಕಲು ಬಿಡಲಿಲ್ಲವಲ್ಲ.
ಲಾರಿ ಏರಿ ಗಿಳಿ ಎಲ್ಲೆಲ್ಲಿಗೋ ಹೋಯಿತು.
ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ
ಸಂತೆಚೀಲ ಮಾಡಿಕೊಂಡಿದ್ದಳು; ಹೊಲಿಗೆ
ಗಿಳಿಯ ಕುತ್ತಿಗೆ ಮೇಲೇ ಹಾದಿತ್ತು.
ನಮ್ಮ ಓಣಿಯ ಮಿರ್ಚಿ ಬಂಡಿಗೆ ಅದೇ ಮರೆ,
ತಲೆಕೆಳಗು.
ಕೋಳಿಗೂಡಿನ ಮೇಲೂ ಒಂದು ಕಂಡೆ,
ಒಳಗಿನವು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ.
ಎಂಟು ತಿಂಗಳು. ಫೋನಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ,
"ಗಿಳಿ ಬರದೋರೇನ್ರಿ?"
ಹಿಂದೆ ಮಿಲ್ಲಿನ ಗರಗರ.
ಹಮಾಲರ ಸಂಘದ ಹುಲಗಪ್ಪ.
"ಥಪ್ಪಿ ಹಚ್ಚೋವಾಗ ಗಿಳಿ ಮಾರಿ ಮುಂದನ ಇರತೈತ್ರಿ.
ಊಟಕ್ಕ ಕುಂತಾಗ ನಮ್ಮ ಹುಡುಗ ಒಬ್ಬಾಂವ
ರೆಕ್ಕಿ ಓದಿದ."

ಸಂಘಕ್ಕೆ ಬೋರ್ಡು ಬೇಕಂತೆ.
ಚೀಲ ಹೊತ್ತವನನ್ನು ಬರೆದು ಒಯ್ದೆ.
ಬಾಗಿದ ಬೆನ್ನು, ಉಬ್ಬಿದ ನರ;
ನನ್ನ ಕೈಗೆ ನಾನೇ ಮೆಚ್ಚಿದ್ದೆ.
ಹನ್ನೊಂದು ಜನ ಸುತ್ತ ನಿಂತರು.
ಯಾರೂ ಚಂದ ಅನ್ನಲಿಲ್ಲ.
ಹುಲಗಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ.
"ಇದು ದಿನಾ ಐತ್ರಿ ಅಕ್ಕಾರ.
ಬೋರ್ಡಿನ ಮ್ಯಾಲರ ಇಳಸ್ರಿ."

ಎಷ್ಟೊತ್ತು ಅಂತ ಕೇಳಲಿಲ್ಲ,
ಅವರದು ಚೀಲದ ಲೆಕ್ಕ.
ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ
ಮೂರು ಸಾವಿರ, ಮುಂಗಡವೇ.
ಎಣಿಸುವಾಗ ತೌಡು ಉದುರಿತು.

ರಾತ್ರಿ ಚೀಲ ಇಳಿಸಿದೆ.
ಇಳಿಸಿದ ಮೇಲೆ ಅವನ ಕೈ ಎಲ್ಲಿಡಲಿ?
ಸೊಂಟದ ಮೇಲಿಟ್ಟರೆ ಮಿಲ್ ಮಾಲಕನಾದ.
ಮುಷ್ಟಿ ಎತ್ತಿಸಿದರೆ ಎಲೆಕ್ಷನ್ ಬಂತು.
ಕಟ್ಟಿ ನಿಲ್ಲಿಸಿದರೆ ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗ.
ಅಳಿಸಿದೆ, ಅಳಿಸಿದೆ.
ಮೂರು ಗಂಟೆಗೆ ಒಂದು ಕೈಗೆ
ಚಹಾದ ಲೋಟ ಕೊಟ್ಟೆ.

ಇನ್ನೊಂದು ಕೈ
ಇನ್ನೂ ಗಾಳಿಯಲ್ಲೇ ಇದೆ.
ನಾಡಿದ್ದು ಕೊಡಬೇಕು.